ಎತ್ತಿದ ಕೈ

"ಬಲಗೈ ಎಷ್ಟು ಮೇಲೇಳುತ್ತೋ ಅಷ್ಟು ಎತ್ತಿ, ನೋಡೋಣ," ಎಂದರು ವಿಮೆ ಕಂಪನಿಯಿಂದ ಬಂದಿದ್ದ ಅಧಿಕಾರಿ.

ಮೇಸ್ತ್ರಿ ಕುರ್ಚಿಯಿಂದ ಎದ್ದು ನಿಂತ. ಫಾಲ್ಸ್ ಸೀಲಿಂಗ್ ಕೂರಿಸುವುದು ಅವನ ಕಸುಬು. ದಿನವಿಡೀ ಎರಡೂ ಕೈ ತಲೆಯ ಮೇಲೆಯೇ ಇರಬೇಕಾದ ಕೆಲಸ. ಏಣಿ ಜಾರಿ ಬಿದ್ದು ಭುಜದ ಸ್ನಾಯು ಹರಿದುಕೊಂಡ ಮೇಲೆ ಮನೆಯಲ್ಲೇ ಇದ್ದ. ಔಷಧಿ ಅಂಗಡಿಯಲ್ಲಿ ಹೆಂಡತಿಗೆ ಬರುವ ಸಂಬಳಕ್ಕೆ ವಿಮೆಯವರು ಕೊಡುವ ಅರ್ಧ ಕೂಲಿ ಸೇರಿ ಸಂಸಾರ ಹೇಗೋ ಸಾಗುತ್ತಿತ್ತು. ಆ ಅರ್ಧ ಕೂಲಿ ಇನ್ನು ಮುಂದೆ ಬರುತ್ತದೋ ಇಲ್ಲವೋ ಎಂಬುದು ಈಗ ಈ ಅಧಿಕಾರಿ ಏನು ಬರೆಯುತ್ತಾರೆ ಎಂಬುದರ ಮೇಲೆ ನಿಂತಿತ್ತು. ಅದು ನಿಂತುಹೋದರೆ ಈ ಮನೆಯ ಬಾಡಿಗೆ ಕಟ್ಟಲು ಬೇರೆ ದಾರಿಯಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅವನ ಮೊಣಕೈಯನ್ನೇ ನೋಡುತ್ತಿದ್ದಳು. ಅದು ಪಕ್ಕೆ ಬಿಟ್ಟು ಮೇಲೆದ್ದಿತು. ಇನ್ನೂ ಮೇಲೆ. ಹೆಚ್ಚುಕಡಿಮೆ ಭುಜದ ಮಟ್ಟಕ್ಕೆ ಬಂತು. ಅಧಿಕಾರಿ ಹುಬ್ಬೇರಿಸಿದರು. ಅವರಿಗೆ ಕಾಣದ್ದು ಅವಳಿಗೆ ಕಂಡಿತು: ಗಂಡನ ಸೊಂಟ ಒಂದು ಕಡೆಗೆ ಸರಿದು, ಇಡೀ ದೇಹ ಎಡಕ್ಕೆ ಬಾಗಿತ್ತು. ಕೈ ಏಳುತ್ತಿರಲಿಲ್ಲ, ಮೈ ವಾಲುತ್ತಿತ್ತು.

"ನೋವಿದೆಯಾ?"

"ನೋವು ಅಂತ ಏನಿಲ್ಲ ಸಾರ್. ಒಂಚೂರು ಹಿಡ್ಕೊಂಡ ಹಾಗೆ, ಅಷ್ಟೇ." ಅವನ ಹಣೆಯ ಮೇಲೆ ಬೆವರು ಮೂಡಿತ್ತು.

"ಪರವಾಗಿಲ್ಲ, ಚೆನ್ನಾಗಿ ಸುಧಾರಿಸ್ಕೊಂಡಿದ್ದೀರಿ. ಕೆಲವರಿರ್ತಾರೆ, ಮೆಟ್ಟಿಲ ಮೇಲೆ ನನ್ನ ಬೂಟಿನ ಸದ್ದು ಕೇಳಿಸಿದ ಕೂಡ್ಲೆ ನರಳೋಕೆ ಶುರು ಮಾಡ್ತಾರೆ."

ಮೇಸ್ತ್ರಿ ನಕ್ಕ. "ನಾವು ಆ ಪೈಕಿ ಅಲ್ಲ ಸಾರ್."

ಇರುವುದನ್ನು ಇದ್ದ ಹಾಗೆ ತೋರಿಸಿ, ಅಷ್ಟು ಸಾಕು ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು. "ಬಂದವರ ಮುಂದೆ ಕೈಲಾಗದವನ ಹಾಗೆ ನಿಂತ್ಕೋಬೇಕಾ?" ಎಂದು ಅವನು ಸಿಡುಕಿದ್ದ. ಆಗ ಅದನ್ನು ಬರೀ ಸಿಡುಕು ಎಂದುಕೊಂಡು ಸುಮ್ಮನಾಗಿದ್ದಳು.

ಅಧಿಕಾರಿ ಪೆನ್ನಿನ ಕ್ಯಾಪು ತೆಗೆದರು. "ಹಾಗಾದ್ರೆ ಹಗುರವಾದ ಕೆಲಸಕ್ಕೆ ಹೋಗಬಹುದು ಅಂತ ಬರೀಲಾ?"

"ಧಾರಾಳವಾಗಿ ಬರೀರಿ."

"ಬರೀಬೇಡಿ ಸಾರ್, ಒಂದ್ನಿಮಿಷ." ಅವಳು ಕೈ ಒರೆಸಿಕೊಳ್ಳುತ್ತ ಈಚೆ ಬಂದಳು.

"ನೀನು ಒಳಗೆ ಹೋಗಿ ಕಾಫಿ ಮಾಡು," ಎಂದ ಗಂಡ.

"ಕಾಫಿ ಆಮೇಲೆ ಆಗುತ್ತೆ ರೀ. ಸಾರ್, ಇವರನ್ನ ಗೋಡೆಗೆ ಒರಗಿ ನಿಲ್ಲೋಕೆ ಹೇಳಿ. ಬೆನ್ನು, ಸೊಂಟ ಎರಡೂ ಗೋಡೆಗೆ ತಾಗಿರ್ಬೇಕು. ಹಾಗೆ ನಿಂತು ಕೈ ಎತ್ಲಿ. ಆಸ್ಪತ್ರೇಲಿ ವ್ಯಾಯಾಮ ಹಾಗೇ ಹೇಳ್ಕೊಟ್ಟಿದ್ದಾರೆ."

"ಇದೇನು ಮನೆಯಾ, ಪೊಲೀಸ್ ಸ್ಟೇಷನ್ನಾ?" ಎಂದು ಮೇಸ್ತ್ರಿ ನಗಲು ನೋಡಿದ. ಜೊತೆಗೆ ಯಾರೂ ನಗಲಿಲ್ಲ.

"ನಿಂತ್ಕೊಳ್ಳಿ ಮೇಸ್ತ್ರಿ," ಎಂದರು ಅಧಿಕಾರಿ.

ಅವನು ಒರಗಿ ನಿಂತ. ಮೊಣಕೈ ಪಕ್ಕೆಯಿಂದ ಒಂದು ಗೇಣು ದೂರ ಸರಿದು ನಿಂತುಬಿಟ್ಟಿತು. ಮೈ ಮತ್ತೆ ವಾಲಲು ನೋಡಿತು. ಸೊಂಟ ಗೋಡೆ ಬಿಟ್ಟದ್ದು ಅವನಿಗೇ ಗೊತ್ತಾಗಿ ನೆಟ್ಟಗಾದ. ಕೈ ಕೆಳಗಿಳಿಯಿತು.

ಅಧಿಕಾರಿ ಅವನನ್ನು ಬಿಟ್ಟು ಅವಳ ಕಡೆ ತಿರುಗಿದರು. "ಬಟ್ಟೆ, ಸ್ನಾನ, ಊಟ?"

"ಎಲ್ಲ ನಾನೇ ಮಾಡ್ಕೋತೀನಿ," ಎಂದ ಮೇಸ್ತ್ರಿ.

ಅಧಿಕಾರಿ ಅವಳನ್ನೇ ನೋಡುತ್ತಿದ್ದರು.

"ಶರ್ಟು ನಾನೇ ತೊಡಿಸ್ತೀನಿ," ಎಂದಳು. "ತಲೆ ಬಾಚೋದೂ ನಾನೇ. ಎಡಗೈಲಿ ಚಮಚ ಹಿಡಿದ್ರೆ ಅರ್ಧ ಮೈಮೇಲೆ ಚೆಲ್ಕೋತಾರೆ. ಸ್ನಾನಕ್ಕೆ..." ಅವಳು ತಡವರಿಸಿದಳು.

"ಹೇಳಿ."

"ನೀರು ಹಾಕೋದು, ಬೆನ್ನುಜ್ಜೋದು, ಒರೆಸೋದು ಎಲ್ಲ ನಾನೇ. ಪ್ಯಾಂಟಿನ ಗುಂಡಿ ಹಾಕೋದೂ."

ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಇದನ್ನೂ ಹೇಳಿದಳು. ಬೇರೆ ಯಾವ ದನಿಯಲ್ಲೂ ಅದನ್ನು ಹೇಳಿ ಮುಗಿಸಲು ಆಗುತ್ತಿರಲಿಲ್ಲ. ಅಷ್ಟು ಹೊತ್ತೂ ಗಂಡನ ಕಡೆ ನೋಡಲಿಲ್ಲ. ಅವನು ಇನ್ನೂ ಗೋಡೆಗೆ ಒರಗಿಯೇ ನಿಂತಿದ್ದ; ಇನ್ನು ಸಾಕು, ಈಚೆ ಬನ್ನಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಧಿಕಾರಿ ಎರಡು ಸಾಲು ಬರೆದು ಎದ್ದರು. "ಇನ್ನು ಮೂರು ತಿಂಗಳು ದುಡ್ಡು ಬರುತ್ತೆ. ಆಮೇಲೆ ನೋಡೋಣ." ಹೊಸ್ತಿಲು ದಾಟುವಾಗ ವಾತಾವರಣ ತಿಳಿಯಾಗಲೆಂದೋ ಏನೋ, "ನನ್ನ ಸರ್ವೀಸಲ್ಲಿ ವಾಸಿಯಾದ ಹಾಗೆ ನಾಟಕ ಮಾಡಿದವರನ್ನ ನೋಡಿದ್ದು ಇದೇ ಮೊದಲು," ಎಂದು ನಕ್ಕು, ಮೆಟ್ಟಿಲಿಳಿದು ಹೋದರು.

ಅಂಗಡಿಯ ಮಾಲೀಕರು ಕೊಟ್ಟಿದ್ದ ಬಿಡುವು ಮುಗಿಯುತ್ತ ಬಂದಿತ್ತು. ಅವಳು ಬ್ಯಾಗು ಹೆಗಲಿಗೇರಿಸಿಕೊಂಡಳು. "ಕೂತ್ಕೊಳ್ಳಿ ರೀ," ಎಂದಳು.

ಅವನು ಕೂರಲಿಲ್ಲ.

"ರಾತ್ರಿ ನಾನು ಅಳೋದನ್ನೂ ಹೇಳ್ಬಿಡಬಹುದಿತ್ತಲ್ಲ," ಎಂದ.

ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೆಯೇ ನಿಂತಳು.

"ಅವರು ಕೈ ವಿಷಯ ಮಾತ್ರ ಕೇಳಿದ್ರು."