ಮೊದಲ ಒಬ್ಬೆ

ಅಡಿವೆವ್ವ ಜಾಲರಿಯ ಮೇಲೆ ಕಡಲೆಹಿಟ್ಟು ತಿಕ್ಕುತ್ತಿದ್ದಳು. ಖಾರಾಸೇವಿನ ಎಳೆಗಳು ಬಾಣಲೆಗೆ ಬಿದ್ದ ಕೂಡಲೇ ಎಣ್ಣೆ ಬುರುಬುರು ನೊರೆಗಟ್ಟಿ ಮೇಲೆದ್ದಿತು. ಮೂಗಿಗೆ ಘಾಟು ಹೊಡೆಯಿತು. ಶೇಂಗಾ ಎಣ್ಣೆ ಹೀಗೆ ಉಕ್ಕುವುದಿಲ್ಲ. ಡಬ್ಬಿ ಬೆಳಿಗ್ಗೆಯಷ್ಟೇ ಬಂದದ್ದು. ಗಂಡ ಮಲ್ಲೇಶಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಹಿತ್ತಲ ಬಾಗಿಲಿನಿಂದ ಒಳಗೆ ತಂದಿದ್ದ.

ಮನೆಯ ಮುಂಭಾಗದಲ್ಲೇ ಇದ್ದ ಗಂಡನ ಅಂಗಡಿಯ ಕಟ್ಟೆಯ ಮೇಲೆ ನಬೀಸಾಬ ಮಾಸ್ತರರು ಪೇಪರು ಹರವಿಕೊಂಡು ಕೂತಿದ್ದರು. ಎಪ್ಪತ್ನಾಲ್ಕರ ಆ ಬೇಸಿಗೆಯಲ್ಲಿ ಸವಣೂರಿನ ಖಾರದ ಅಂಗಡಿಗಳ ಮುಂದೆ ಜನ ಕೂರುತ್ತಿದ್ದುದು ಮಾತಿಗೆ, ಕೊಳ್ಳುವುದಕ್ಕಲ್ಲ.

"ಮಲ್ಲೇಶಪ್ಪಾ, ನಿನ್ನ ರೋಗಕ್ಕ ಹೆಸರು ಸಿಕ್ತಪಾ. ಸ್ಟ್ಯಾಗ್‌ಫ್ಲೇಶನ್."

"ಹಂಗಂದ್ರೇನ್ರಿ ಮಾಸ್ತರ? ಇಂಜೆಕ್ಷನ್ ಹೆಸರಿದ್ದಂಗ ಐತಿ."

"ರೇಟು ಏರತಾವ, ವ್ಯಾಪಾರ ನಿಂತ ನೀರಾಗಿರತೈತಿ, ಕೈಗೆ ಕೆಲಸ ಇರೂದಿಲ್ಲ. ನಾ ಓದುವಾಗ ಇವು ಕೂಡಿ ಬರೂದಿಲ್ಲ ಅಂತಿದ್ರು. ತುಟ್ಟಿ ಆದ್ರ ವ್ಯಾಪಾರ ಜೋರು, ವ್ಯಾಪಾರ ಬಿದ್ರ ಸೋವಿ. ಈಗ ನೋಡು, ತುಟ್ಟಿನೂ ಬಂತು, ವ್ಯಾಪಾರಾನೂ ಬಿತ್ತು."

"ಅತ್ತಿ-ಸೊಸಿ ಒಂದಾದಂಗಾತು! ಔಷಧ ಏನ್ರಿ ಮತ್ತ?"

"ದೊಡ್ಡ ದೊಡ್ಡ ದೇಶದವ್ರು ಹುಡುಕಾಕತ್ತಾರಂತ."

"ಹಂಗಾರ ನಂದೇನೂ ತಪ್ಪಿಲ್ಲ ಬಿಡ್ರಿ," ಎಂದು ಮಲ್ಲೇಶಪ್ಪ ನಕ್ಕ.

ಎಷ್ಟೋ ದಿನಗಳ ಮೇಲೆ ಗಂಡ ನಕ್ಕದ್ದು ಅವಳಿಗೆ ಕೇಳಿಸಿತು. ಸಮಾಧಾನವಾಗಬೇಕಿತ್ತು. ಬದಲಿಗೆ ಅವಳು ಕೈಕೆಲಸ ನಿಲ್ಲಿಸಿ ಕಿವಿಗೊಟ್ಟಳು. ನೆಲೆ ಸಿಕ್ಕದೆ ಒದ್ದಾಡುತ್ತಿದ್ದ ಮನುಷ್ಯ ತಪ್ಪಿಲ್ಲ ಎಂಬ ಮಾತನ್ನೇ ಹಿಡಿದು ನಿಂತುಬಿಟ್ಟಿದ್ದ.

ಹೊಸ ಎಣ್ಣೆಯಲ್ಲಿ ಕರಿದ ಮೊದಲ ಒಬ್ಬೆ ಮನೆಯ ಮಕ್ಕಳಿಗೆ, ಆಮೇಲೆ ಗಿರಾಕಿಗೆ. ಅತ್ತೆ ಕಾಲದ ನೇಮ ಅದು. ಅಡಿವೆವ್ವ ಎಳೆಗಳನ್ನು ಎಣ್ಣೆ ಬಸಿದು ತಾಟಿಗೆ ಹಾಕಿ, ಹಿತ್ತಲಲ್ಲಿ ಆಡುತ್ತಿದ್ದ ಮಕ್ಕಳನ್ನು ಕರೆಯಲು ಬಾಯಿ ತೆರೆದಳು. ಒಳಗೆ ಬಂದ ಮಲ್ಲೇಶಪ್ಪ ತಾಟು ಹಿಡಿದುಕೊಂಡ.

"ಹುಡುಗೂರಿಗೆ ಬ್ಯಾಡ."

"ಯಾಕ್ರಿ? ಹೊಸಾ ಡಬ್ಬಿ..."

"ಬ್ಯಾಡ ಅಂದ್ನೆಲ್ಲ. ಸೀದಾ ಅಂಗಡಿಗೆ ಹೋಗ್ಲಿ."

"ಎಣ್ಣಿ ಎಲ್ಲಿಂದ ತಂದ್ರಿ?"

ಅವನು ಅವಳ ಮುಖ ನೋಡಲಿಲ್ಲ. "ಶೇಂಗಾ ಎಣ್ಣಿನ ಬೇಕಂದ್ರ ಅಂಗಡಿಗೆ ಕೀಲಿ ಜಡೀಬೇಕು. ಆಮ್ಯಾಲೆ ಹುಡುಗೂರಿಗೆ ಏನ ತಿನ್ನಸ್ತಿ, ನಿಮ್ಮತ್ತಿ ನೇಮಾನ? ಕಾಲ ಎಂಥಾದೈತಿ ಅಂತ ಮಾಸ್ತರ ಹೇಳಿದ್ದು ಕೇಳಲಿಲ್ಲೇನು?"

ತಾಟನ್ನು ಒಲೆಯಿಂದ ದೂರ ನೆಲಕ್ಕಿಟ್ಟು, ತುಂಬಿಸಲು ಖಾಲಿ ಬರಣಿ ತರುತ್ತೇನೆಂದು ಅಂಗಡಿಗೆ ನಡೆದ.

ಅಡಿವೆವ್ವ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಹೋದ ವರ್ಷ ತವರಿನ ಕಡೆ ಒಂದು ಮದುವೆಯಲ್ಲಿ ಉಂಡವರ ಕಾಲು ಬಾತು, ಮಕ್ಕಳು ಉಸಿರಿಗೆ ತಡಕಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಎಣ್ಣೆಯಲ್ಲಿ ಏನೋ ಬೆರೆತಿತ್ತು ಎಂದಿದ್ದರು. ಕೂಗಿ ಹೇಳಿದರೆ ಗಂಡನನ್ನು ಪೊಲೀಸರು ಒಯ್ಯುತ್ತಾರೆ. ಸುಮ್ಮನಿದ್ದರೆ ಬಿಸಿಲು ಇಳಿದ ಮೇಲೆ ಓಣಿಯ ಮಕ್ಕಳು ಪುಡಿಗಾಸು ಹಿಡಿದುಕೊಂಡು ಬರುತ್ತಾರೆ. ಡಬ್ಬಿಯ ಎಣ್ಣೆ ಕೆಟ್ಟರೆ ನಾಳೆಯಿಂದ ಒಲೆಯೇ ಹೊತ್ತುವುದಿಲ್ಲ. ಮೂರೂ ಅಂಜಿಕೆಗಳು ಒಟ್ಟಿಗೇ ಬಂದು ಎದುರಿಗೆ ಕೂತವು.

ಅಂಗಡಿಯಲ್ಲಿ ಬರಣಿ ತಿಕ್ಕುವ ಸದ್ದು ಕೇಳುತ್ತಿತ್ತು.

ಅವಳು ಒಲೆಯ ಕಟ್ಟಿಗೆ ಹಿಂದಕ್ಕೆಳೆದು ಬಾಣಲೆಗೆ ಒಂದು ಹಿಡಿ ಬೂದಿ ಸುರಿದಳು. ಗೋಡೆಯ ಮೊಳೆಯಿಂದ ಕಂದೀಲು ಇಳಿಸಿ, ರೇಷನ್ ಪಾಳಿಯಲ್ಲಿ ಬಿಸಿಲಿಗೆ ನಿಂತು ತಂದು ಅದಕ್ಕೆ ತುಂಬಿದ್ದ ಚಿಮಣಿ ಎಣ್ಣೆಯನ್ನು, ಯಾರೂ ಬಾಯಿಗಿಡದಂತೆ, ತಾಟಿನ ಮೇಲೆ ಒಂದಿಷ್ಟು ಚಿಮುಕಿಸಿ, ಉಳಿದದ್ದನ್ನೆಲ್ಲ ಡಬ್ಬಿಗೆ ಬಗ್ಗಿಸಿ ಮುಚ್ಚಳ ಒತ್ತಿದಳು.

ಮಲ್ಲೇಶಪ್ಪ ಬರಣಿಯೊಂದಿಗೆ ಒಳಗೆ ಬಂದಾಗ ಅವಳು ಬಾಗಿಲಿಗೆ ಬೆನ್ನು ಹಾಕಿ ಕೂತು, ಸಂಜೆಗೆ ದೀಪ ಹಚ್ಚುವವಳಂತೆ, ಬರಿದಾದ ಕಂದೀಲಿನ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು.