ತಂಪು ಗಾಳಿಗಾಗಿ ಜಳಕ

ಎಸಿಯ ಮೊದಲ ಗಾಳಿ ಮುಖಕ್ಕೆ ಬಡಿದಾಗಲೆಲ್ಲ ನನಗೆ ಇಂದಿಗೂ ಸೀಗೆಕಾಯಿಯ ವಾಸನೆ ಬಂದಂತಾಗುತ್ತದೆ.

ಸವಣೂರಿನ ನಮ್ಮ ಮನೆಯ ಹಿತ್ತಲಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ, ಅಪ್ಪ ಗುಜರಿಯಿಂದ ತಂದ ಹಳೇ ಎಸಿಯನ್ನು ಬಿಚ್ಚಿ ಅದರ ತಾಮ್ರದ ಕೊಳವೆಯನ್ನು ನೀರಿನ ಟಾಕಿಗೆ ಸುತ್ತಿದ್ದ. ಗಾಳಿಯ ಕಾವು ಹೀರಿ ನೀರು ಕಾಯಿಸುವ ಯಂತ್ರವಂತೆ.

"ಬೆಂಕಿ ಇಲ್ದ ಎಲ್ಲ್ಯರ ನೀರು ಕಾಯ್ತಾವೇನೋ? ಆ ನೀರು ನಾ ಮುಟ್ಟಂಗಿಲ್ಲ," ಎನ್ನುತ್ತ ಅಜ್ಜಿ, ಒಲೆಗೆ ಇಡುವ ಹಂಡೆಗೆ ಮಸಿ ಹಿಡಿಯದಂತೆ ಹಸಿ ಬೂದಿ ಮೆತ್ತುತ್ತಿದ್ದಳು.

"ತಡೀಬೇ ಯವ್ವಾ," ಎಂದು ಅಪ್ಪ ಸ್ವಿಚ್ ಒತ್ತಿದ.

ಯಂತ್ರ ಗುರುಗುಟ್ಟಿತು. ಟಾಕಿ ಬೆಚ್ಚಗಾಗುತ್ತಿದ್ದಂತೆ ಯಂತ್ರದ ಹಿಂಬದಿಯಿಂದ ತಣ್ಣನೆಯ ಗಾಳಿ ಅಜ್ಜಿಯ ಬೆನ್ನಿಗೆ ಬೀಸಿತು. ಅವಳು ಬೂದಿಗೈಯಲ್ಲೇ ಎದ್ದು ಅಲ್ಲಿ ಚಾಪೆ ಹಾಸಿದಳು. ಮಜ್ಜಿಗೆ ಗಡಿಗೆಯನ್ನೂ ಪಕ್ಕಕ್ಕೆ ಎಳೆದುಕೊಂಡಳು. ನೀರು ಕಾದದ್ದೇ ಯಂತ್ರ ನಿಂತಿತು. ಗಾಳಿಯೂ ನಿಂತಿತು.

"ಯಾಕ ಬಂದ್ ಆತು?"

"ನೀರು ಕಾದಾವ. ಯಾರರ ಜಳಕಾ ಮಾಡಿ ಖಾಲಿ ಮಾಡಿದ್ರ ಮತ್ತ ಚಾಲೂ ಆಕೈತಿ."

ಆ ಉರಿಬಿಸಿಲಲ್ಲಿ ಅಜ್ಜಿ ನನ್ನನ್ನೂ ಅಕ್ಕನನ್ನೂ ಹಿಡಿದು ಸೀಗೆಕಾಯಿ ತಿಕ್ಕಿ, ತಂಬಿಗೆ ತಂಬಿಗೆ ಬಿಸಿನೀರು ಸುರಿದಳು. ನಮ್ಮವ್ವನ ಜಳಕವೂ ಮುಗಿಯಿತು. ಗಾಳಿ ಮತ್ತೆ ನಿಂತಾಗ ಅಜ್ಜಿ ಬೀದಿಬಾಗಿಲಿಗೆ ಹೋಗಿ, ದಾರಿಯಲ್ಲಿ ಹೊರಟಿದ್ದವರನ್ನೆಲ್ಲ ಕೂಗತೊಡಗಿದಳು:

"ಜಳಕಾ ಆಗೇತೇನ್ರಿ? ಬರ್ರಿ, ಬಿಸಿನೀರು ಬೇಕಾದಷ್ಟ ಅದಾವ!"