ನೀಲಿ ಶಾಯಿಯ ಎರಡು ಚೀಟಿ

ಎರಡನೇ ಚೀಟಿಯಲ್ಲೂ ರಂಜಿನಿ ಅದೇ ಊರಿನ ಹೆಸರು ಬರೆದಳು. ಶಾಯಿ ಒಣಗಲೆಂದು ಊದಿ, ನೀಲಿ ಪೆನ್ನಿನ ಮುಚ್ಚಳ ಹಾಕಿದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡು ದೇವರಿಗೇ ಮೋಸ ಮಾಡುವ ಹುಡುಗಿ, ಹೊರಗೆ ಅಪ್ಪ ಕೆಮ್ಮಿದರೆ ಬೆಚ್ಚಿಬೀಳದೆ ಇನ್ನೇನು ಮಾಡಿಯಾಳು?

ಅನ್ವಯಿಕ ಸಂಖ್ಯಾಶಾಸ್ತ್ರದ ಎಂಎಸ್ಸಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಪುಣೆಯಲ್ಲಿ, ಡಿಗ್ರಿಯ ಮೊದಲ ವರ್ಷದಿಂದ ಅವಳು ಜಪಿಸುತ್ತಿದ್ದ ಹೆಸರು. ಇನ್ನೊಂದು ಶಂಕರಘಟ್ಟದಲ್ಲಿ, ಭದ್ರಾವತಿಯ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ಸು. ಯಾವುದೆಂದು ತಿಳಿಸಲು ನಾಳೆಯೇ ಕೊನೆಯ ದಿನ.

ಅಪ್ಪ ಕಾಂತರಾಜ್ ಬಡಗಿ. ಯುಗಾದಿಯ ಹೊತ್ತಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು. ಅಮ್ಮ ಇಲ್ಲದ ಮನೆ. ಅಂಗಿಯ ಗುಂಡಿ ಹಾಕಲೂ ಮಗಳೇ ಬೇಕು. ಆದರೂ ಕಿವಿಯ ಮೇಲಿನ ಕೆಂಪು ಪೆನ್ಸಿಲ್ ಮಾತ್ರ ಕೆಳಗಿಳಿದಿರಲಿಲ್ಲ.

‘ನೀನು ನನ್ನ ಕೇಳ್ಬೇಡ, ನಾನೂ ನಿನ್ನ ಕೇಳಲ್ಲ,’ ಎಂದಿದ್ದ. ‘ಚೀಟಿ ಎತ್ತಿಸೋಣ. ದೇವರು ಹೇಳಿದ್ಮೇಲೆ ಮತ್ತೆ ಮಾತಿಲ್ಲ. ಒಪ್ಪಿಗೆನಾ?’

‘ಒಪ್ಪಿಗೆ.’

ಆ ಮನೆಯಲ್ಲಿ ಮದುವೆಯಿಂದ ಹಿಡಿದು ಬಾಡಿಗೆ ಮನೆ ಬದಲಾಯಿಸುವವರೆಗೆ ಎಲ್ಲಕ್ಕೂ ಶಿವಮೊಗ್ಗದ ಕೋಟೆ ಆಂಜನೇಯನ ಗುಡಿಯ ಚೀಟಿಯೇ ತೀರ್ಪು. ಅರ್ಧಕ್ಕರ್ಧ ಸಾಧ್ಯತೆ ಎಂದರೇನೆಂದು ಮೂರು ವರ್ಷ ಓದಿದವಳಿಗೆ ಗೊತ್ತು. ಅದನ್ನು ನಂಬಿ ಕೂರುವ ಧೈರ್ಯ ಅವಳಿಗಿರಲಿಲ್ಲ.

ಶಿವಮೊಗ್ಗದ ಬಸ್ಸಿನಲ್ಲಿ ಅಪ್ಪನ ಮುಖ ನೋಡಲಾಗಲಿಲ್ಲ. ಅವಳ ಓದಿಗೆಂದು ಭಾನುವಾರವೂ ಉಳಿ ಹಿಡಿದ ಮನುಷ್ಯ. ಅವನನ್ನು ಹೀಗೆ ಏಮಾರಿಸುವುದೆಂದರೆ! ಥೂ, ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

‘ಹಾಸ್ಟೆಲ್ ಅರ್ಜಿ ತುಂಬಿದ್ಯಾ?’ ಅಪ್ಪ ಕೇಳಿದ.

‘ಮೊದ್ಲು ಚೀಟಿ ಬರ್ಲಿ ಅಪ್ಪ.’

‘ಹಳೇ ಟ್ರಂಕಿಗೆ ಹೊಸ ಚಿಲಕ ಹಾಕಿದೀನಿ. ಎಡಗೈಯಲ್ಲೇ. ಈಗ ಅದು ಎಲ್ಲಾ ಕೆಲಸಕ್ಕೂ ಪಳಗಿದೆ.’

ಅವಳಿಗೆ ಎಲ್ಲ ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಅಪ್ಪ ಖಂಡಿತ ಒಪ್ಪುವುದಿಲ್ಲ. ಕಿಟಕಿಯ ಕಡೆ ತಿರುಗಿದಳು.

ಗುಡಿಯ ಬಾಗಿಲಲ್ಲಿ ಅಪ್ಪ ಕೈಚಾಚಿದ. ‘ಚೀಟಿ ಇಲ್ಲಿ ಕೊಡು. ಕಾಲು ತೊಳ್ಕೊಂಡು ಬಾ.’

ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಅವಳು ಮುಖವನ್ನೂ ತೊಳೆದಳು. ವಾಪಸ್ಸು ಬರುವಷ್ಟರಲ್ಲಿ ಮಡಿಸಿದ ಚೀಟಿಗಳು ಅರ್ಚಕರ ತಟ್ಟೆ ಸೇರಿದ್ದವು. ಅಪ್ಪ ಅಂಗಿಯ ಜೇಬಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ನಿಂತಿದ್ದ. ‘ತಪ್ಪಾಯ್ತು, ಕ್ಷಮಿಸಿಬಿಡು,’ ಎಂದು ರಂಜಿನಿ ಕೆನ್ನೆ ಬಡಿದುಕೊಂಡಳು. ಕೇಳಿದ್ದು ದೇವರನ್ನೋ ಅಪ್ಪನನ್ನೋ, ಅವಳಿಗೇ ತಿಳಿಯಲಿಲ್ಲ.

ಅರ್ಚಕರು ಒಂದು ಚೀಟಿ ಎತ್ತಿ, ಬಿಚ್ಚಿ ಓದಿದರು. ‘ಪುಣೆ.’

‘ದೇವರ ಮಾತು,’ ಎಂದ ಕಾಂತರಾಜ್, ಅವಳ ಕಡೆ ನೋಡದೆ. ‘ಒಪ್ಪಿಗೆ ಅಂದಿದೀಯ ಮಾರಾಯ್ತಿ. ಇನ್ನು ಮಾತಿಲ್ಲ.’

ಅರ್ಚಕರು ಚೀಟಿಯನ್ನು ಅವಳ ಕೈಗೆ ಕೊಟ್ಟರು. ಅದರಲ್ಲಿದ್ದುದು ಕೆಂಪು ಪೆನ್ಸಿಲಿನ ಸೊಟ್ಟಸೊಟ್ಟ ಅಕ್ಷರ. ಅವಳು ನೀಲಿ ಪೆನ್ನಿನಲ್ಲಿ ಎರಡರಲ್ಲೂ ಬರೆದಿದ್ದು ಶಂಕರಘಟ್ಟ ಎಂದು.